ದೊರೆಗಳು ದೊಣೆಯಲ್ಲಿದ್ದಾರೆ

ಮರಳೂರಿನ ನಮ್ಮ ಮನೆ ಪಕ್ಕ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಅಲ್ಲಿಗೆ ಹೋದಾಗಲೆಲ್ಲ ನಾನು ಎಡಗಡೆಯ ಶೆಲ್ಫಿನ ಕಡೆ ತಿರುಗಿಯೂ ನೋಡುವುದಿಲ್ಲ. ಅಲ್ಲಿ ಗೇಟ್ ವಾಲ್ವ್‌ಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಹಿತ್ತಾಳೆ ಮೈ, ಕೆಂಪು ಚಕ್ರ. ನೋಡಿದರೆ ಪಾಪ ಅನ್ನಿಸಬೇಕು, ಅಷ್ಟು ಸಾಧು. ಚಕ್ರವನ್ನು ಒಂದು ಕಡೆ ತಿರುಗಿಸಿದರೆ ನೀರು ಬರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ನಿಲ್ಲುತ್ತದೆ. ಇಷ್ಟನ್ನು ತಿಳಿದುಕೊಳ್ಳಲು ನಾನು ತುಮಕೂರಿನಲ್ಲಿ ಮೂರು ವರ್ಷದ ಮೆಕ್ಯಾನಿಕಲ್ ಡಿಪ್ಲೊಮಾವನ್ನು ನಾಲ್ಕೂವರೆ ವರ್ಷ ಓದಿದೆ. ಆಮೇಲೂ ತಿಳಿದಿರಲಿಲ್ಲ ಎಂಬುದಕ್ಕೆ ಒಂದು ಇಡೀ ರಾಜವಂಶ ಸಾಕ್ಷಿಯಿದೆ.

ರಾಜವಂಶ ಅಂದೆ. ನಗಬೇಡಿ. ನಾನೂ ಅದೇ ವಂಶದವನು.

ಕುಣಿಗಲ್ಲಿನಿಂದ ಅಮೃತೂರಿನ ಕಡೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ, ತೆಂಗಿನ ತೋಟಗಳ ಆಚೆಗೆ ಒಂದು ಬೋಳು ಗುಡ್ಡ ಕಾಣುತ್ತದೆ. ಅದು ಕರೇಗುಡ್ಡ. ಅದರ ನೆತ್ತಿಯ ಮೇಲೆ ಹದಿನಾರು ಕಂಬದ, ಎರಡು ಅಂತಸ್ತಿನ, ಹೆಂಚಿನ ಒಂದು ಕಟ್ಟಡವಿದೆ. ಅದೇ ಅರಮನೆ. ನಮ್ಮ ಹಿರೀಕರು ಅಲ್ಲಿ ಕೂತು ಸುತ್ತಲಿನ ಇಪ್ಪತ್ತು ಮೂವತ್ತು ಹಳ್ಳಿ ಆಳಿದ ಪಾಳೇಗಾರರು. ಗುಡ್ಡದ ಬುಡದಲ್ಲಿರುವ ಹಟ್ಟಿಯ ಜನ ಈಗಲೂ ನಮ್ಮನ್ನು ಕಂಡರೆ 'ಬುದ್ಧಿ' ಎಂದು ಪಕ್ಕಕ್ಕೆ ಸರಿಯುತ್ತಾರೆ. ನನ್ನಂಥವನಿಗೆ 'ಬುದ್ಧಿ' ಅನ್ನುವ ಜಗತ್ತಿನ ಏಕೈಕ ಊರು ಅದು.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ, ಅಂದರೆ ತೊಂಬತ್ತರ ದಶಕದ ಆರಂಭದಲ್ಲಿ, ಈ ವಿಷಯವನ್ನು ಕ್ಲಾಸಿನಲ್ಲಿ ಬಾಯಿಬಿಟ್ಟಿದ್ದೆ. ಬಾಯಿಬಿಟ್ಟಿದ್ದೆ ಅಂದರೆ ಸ್ವಲ್ಪ ಮಟ್ಟಿಗೆ. ಆನೆ ಇದೆ ಅಂದೆ. ಫಿರಂಗಿ ಇದೆ ಅಂದೆ. ದೊಡ್ಡಪ್ಪ ಸಿಂಹಾಸನದ ಮೇಲೆ ಕೂತೇ ಕಾಫಿ ಕುಡಿಯೋದು ಅಂದೆ. ಒಂದು ಭಾನುವಾರ ಕ್ಲಾಸಿನ ಐದು ಜನ ಮನೆಯಲ್ಲಿ ಬಸ್ ಚಾರ್ಜು ಇಸ್ಕೊಂಡು ನಮ್ಮಪ್ಪನ ಜೊತೆ ಹೊರಟೇಬಿಟ್ಟರು. ಗುಡ್ಡ ಹತ್ತಿ ಏದುಸಿರು ಬಿಡುತ್ತಾ ಹೋದಾಗ, ಪಟ್ಟಾಪಟ್ಟಿ ಚಡ್ಡಿ, ತೂತು ಬನಿಯನ್ನು ತೊಟ್ಟ ಒಬ್ಬರು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದರು.

"ಲೋ, ನಿಮ್ಮ ಆಳಾ?" ಅಂದ ಒಬ್ಬ ಗೆಳೆಯ.

"ದೊರೆ," ಅಂದೆ ನಾನು.

ನಮ್ಮ ದೊಡ್ಡಪ್ಪ ಕುಣಿಗಲ್ಲಿನ ಒಂದು ಆಫೀಸಿನಲ್ಲಿ ಗುಮಾಸ್ತರು. ದಿನಾ ಬೆಳಿಗ್ಗೆ ಎಂಟೂಕಾಲಿನ ಬಸ್ಸಿಗೆ ಟಿಫಿನ್ ಕ್ಯಾರಿಯರ್ ಹಿಡಿದು ಗುಡ್ಡ ಇಳಿಯುವ ದೊರೆ. ಕಂಡಕ್ಟರ್ ಕೂಡ ಅವರಿಗೆ ಚಿಲ್ಲರೆ ಕೇಳುವಾಗ 'ಬುದ್ಧಿ' ಅನ್ನುತ್ತಿದ್ದ, ಆದರೆ ಸೀಟು ಕೊಡುತ್ತಿರಲಿಲ್ಲ. ಆನೆ ಲಾಯದಲ್ಲಿ ಒಂದು ಎಮ್ಮೆ ಇತ್ತು. ಫಿರಂಗಿ ಇದ್ದದ್ದು ನಿಜ, ಆದರೆ ಅದರ ಮೇಲೆ ದೊಡ್ಡಮ್ಮ ಹಪ್ಪಳ ಒಣಗಿಸಿದ್ದರು. ಮಾರನೇ ದಿನ ಸ್ಕೂಲಿನಲ್ಲಿ ನನಗೆ 'ಹಪ್ಪಳ ದೊರೆ' ಎಂದು ಪಟ್ಟಾಭಿಷೇಕವಾಯಿತು. ಎಸ್ಸೆಸ್ಸೆಲ್ಸಿವರೆಗೂ ಆಳಿದೆ.

ಈ ಅರಮನೆಯ ಇನ್ನೊಂದು ಗುಟ್ಟನ್ನು ಮಾತ್ರ ಗೆಳೆಯರಿಗೆ ನಾನು ಹೇಳಿರಲಿಲ್ಲ. ಅದು ದೊಣೆ ಕೆಲಸ.

ಅರಮನೆಯ ಹಿಂದೆ ಬಂಡೆಯಲ್ಲಿ ತಾನಾಗೇ ಆದ ಒಂದು ದೊಡ್ಡ ಗುಂಡಿಯಿದೆ. ಎರಡು ಲಾರಿ ಅಕ್ಕಪಕ್ಕ ನಿಲ್ಲಿಸಬಹುದು, ಅಷ್ಟು ಅಗಲ. ಒಂದು ಕಡೆ ಮಾತ್ರ ಕಲ್ಲುಗೋಡೆ ಕಟ್ಟಿದ್ದಾರೆ. ಮಳೆನೀರೆಲ್ಲ ಬಂದು ಅದರಲ್ಲಿ ನಿಲ್ಲುತ್ತದೆ. ಅದೇ ದೊಣೆ. ಗುಡ್ಡಕ್ಕೆ ಬೇರೆ ನೀರಿಲ್ಲ. ಗೋಡೆಯ ಬುಡದಲ್ಲಿ ಒಂದು ತೂತು, ಅದಕ್ಕೆ ಹೊರಗಿನಿಂದ ಬಡಿದ ಒಂದು ಕಲ್ಲಿನ ಬಿರಡೆ. ಬಿರಡೆ ಕಿತ್ತರೆ ನೀರು ಬಂಡೆ ಕೊರೆದ ಕಾಲುವೆಯಲ್ಲಿ ಇಳಿದು ಸೀದಾ ಹಟ್ಟಿಯ ಕಲ್ಲುತೊಟ್ಟಿಗೆ ಬೀಳುತ್ತದೆ.

ಹಿಂದೊಮ್ಮೆ, ಯಾವುದೋ ಕೆಟ್ಟ ಬೇಸಿಗೆಯಲ್ಲಿ, ನಮ್ಮ ವಂಶದ ಮಹಾನುಭಾವರೊಬ್ಬರು ನೀರೆಲ್ಲ ಅರಮನೆಗೇ ಬೇಕು ಎಂದು ಬಿರಡೆ ಬಿಗಿ ಮಾಡಿಸಿ ಕಾವಲು ಹಾಕಿದರಂತೆ. ಹಟ್ಟಿಯ ಒಬ್ಬ ಹೆಂಗಸು ಖಾಲಿ ಬಿಂದಿಗೆ ಹಿಡಿದು ಗುಡ್ಡ ಹತ್ತಿ ಬಂದು ಅರಮನೆ ಬಾಗಿಲಲ್ಲಿ ಅನ್ನ ನೀರು ಬಿಟ್ಟು ಕೂತಳಂತೆ. ಮೂರನೇ ದಿನ ದೊರೆಯ ತಾಯಿ ಮಗನಿಗೆ ಏನೆಂದರೋ, ದೊರೆ ಬಂದು ಬಿರಡೆ ಕಿತ್ತರು. ನೀರು ಬರಲಿಲ್ಲ, ತೂತಿಗೆ ಹೂಳು ಕಟ್ಟಿತ್ತು. ದೊರೆ ಪಂಚೆ ಕಟ್ಟಿಕೊಂಡು ತಾವೇ ಇಳಿದು ಕೈಯಲ್ಲಿ ಹೂಳು ಬಗೆದರು. ಆ ಹೆಂಗಸು ದಡದಲ್ಲಿ ಕೂತು, "ವರ್ಷಾ ವರ್ಷಾ ಹಿಂಗೇ ಮಾಡು, ನೆಪ್ಪಿರ್ತದೆ" ಅಂದಳಂತೆ.

ಅವತ್ತಿನಿಂದ ಇದು ನಡೆದುಕೊಂಡು ಬಂದಿದೆ. ಮಳೆಗೆ ಮುಂಚೆ ಒಂದು ದಿನ ಬಿರಡೆ ಕೀಳುತ್ತಾರೆ. ಕಲ್ಲುತೊಟ್ಟಿಗೆ ನೀರು ಬಿದ್ದದ್ದೇ ಕರೆ. ಹಟ್ಟಿಯಲ್ಲಿ ತಮಟೆ ಬಾರಿಸುತ್ತಾರೆ, ಊರು ಕೆಲಸ ಬಿಟ್ಟು ಗುಡ್ಡ ಹತ್ತುತ್ತದೆ. ಅರಮನೆಯಲ್ಲಿ ಹಕ್ಕಿರುವವರೆಲ್ಲ ದೊಣೆಗೆ ಇಳಿದು ಹೂಳು ಎತ್ತಬೇಕು. ಊರಿನವರು ದಡದಲ್ಲಿ ಕೂತು ಬೈಯುತ್ತಾರೆ. ಹೌದು, ಬೈಯುತ್ತಾರೆ. ಅವತ್ತು ಒಂದು ದಿನ 'ಬುದ್ಧಿ' ಇಲ್ಲ, 'ಏನ್ಲಾ.' ಆ ಹೆಂಗಸಿನ ಮನೆತನದ ಹಿರಿಯಳು 'ಸಾಕು' ಅನ್ನುವವರೆಗೆ ಯಾರೂ ಮೇಲೆ ಬರುವಂತಿಲ್ಲ. ಅರಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಊಟ ಹಟ್ಟಿಯಿಂದಲೇ ಬರುತ್ತದೆ. ಕೊನೆಗೆ ಹಟ್ಟಿಯ ಒಂದೊಂದು ಮನೆಯಿಂದ ಒಂದೊಂದು ಬಿಂದಿಗೆ ನೀರು ತಂದು ದೊಣೆಗೆ ಸುರಿದು ಹೋಗುತ್ತಾರೆ. ದೊಣೆ ಖಾಲಿ ಇರಬಾರದಂತೆ.

ಪ್ರಪಂಚದಲ್ಲಿ ಬೇರೆ ರಾಜವಂಶಗಳು ವರ್ಷಕ್ಕೊಮ್ಮೆ ಆನೆ ಮೇಲೆ ಮೆರವಣಿಗೆ ಹೋಗುತ್ತವೆ. ನಮ್ಮದು ಬೈಸಿಕೊಳ್ಳುತ್ತದೆ. ಇದನ್ನು ಯಾವ ಬಾಯಲ್ಲಿ ಕ್ಲಾಸಿನಲ್ಲಿ ಹೇಳಲಿ?

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ದೊಡ್ಡಪ್ಪ ರಿಟೈರ್ ಆದರು. ಪ್ರತಿ ಮಳೆಗಾಲಕ್ಕೂ ಹೆಂಚು ಸರಿಪಡಿಸಿ, ಗೆದ್ದಲು ತಿಂದ ತೊಲೆಗೆ ಊರೆ ಕೊಟ್ಟು ಅವರ ಸೊಂಟ ಹೋಗಿತ್ತು. ಅದೇ ಹೊತ್ತಿಗೆ ಜಲ್ಲಿ ಕ್ರಷರಿನ ಸಾಹುಕಾರರೊಬ್ಬರು ಜೀಪಿನಲ್ಲಿ ಬಂದು ಗುಡ್ಡದ ಬಂಡೆಯನ್ನು ಕಲ್ಲಂಗಡಿ ತಟ್ಟುವ ಹಾಗೆ ತಟ್ಟಿ ನೋಡಿ, "ಇಡೀ ಗುಡ್ಡ ಕೊಟ್‌ಬುಡಿ" ಅಂದರು.

ದೊಡ್ಡಮ್ಮ ಒಪ್ಪಲಿಲ್ಲ. ಅವರು ಯಾವುದೋ ವಾರಪತ್ರಿಕೆಯಲ್ಲಿ ಕೊಡಗಿನ ಮನೆಗಳ ಬಗ್ಗೆ ಓದಿದ್ದರು.

"ಅಲ್ಲಿ ಮಾಮೂಲಿ ಮನೇಲಿ ಮಂಚ ಹಾಕಿ ಹೋಮ್‌ಸ್ಟೇ ಅಂತ ಬೋರ್ಡ್ ತಗುಲಾಕವ್ರಂತೆ. ಪ್ಯಾಟೆ ಜನ ಬಂದು ಇದ್ದು ಹೋಯ್ತಾರಂತೆ. ನಮ್ದು ಅರಮನೆ ಕಣ್ರೀ!"

"ಇಲ್ಲಿಗ್ ಯಾರೇ ಬತ್ತಾರೆ, ಬಾವಲಿ ಬಿಟ್ರೆ?" ಅಂದರು ದೊಡ್ಡಪ್ಪ.

ದೊಡ್ಡಮ್ಮ ಬಿಡಲಿಲ್ಲ. ಯಾರ ಯಾರ ಕೈಯಲ್ಲೋ ಹೇಳಿಸಿ, ಬೆಂಗಳೂರಿನಲ್ಲಿ ಟ್ರಾವೆಲ್ ಆಫೀಸು ಇಟ್ಟಿರುವ ಶೈಲಜಾ ಮೇಡಂ ಎಂಬುವರನ್ನು ಹಿಡಿದರು. ಮೇಡಂ ಬಂದು ನೋಡಿ ಒಪ್ಪಿದರೆ ತಮ್ಮ ಲಿಸ್ಟಿಗೆ ಸೇರಿಸುತ್ತಾರೆ, ಜನ ಕಳಿಸುತ್ತಾರೆ. ಆಗ ದೊಡ್ಡಪ್ಪ ಒಂದು ತೀರ್ಮಾನ ಹೇಳಿದರು. ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮೇಡಂ ಬರಲಿ. ಅದೇ ಸಾಯಂಕಾಲ ನಾಲ್ಕಕ್ಕೆ ಕ್ರಷರ್ ಸಾಹುಕಾರರೂ ಬರಲಿ.

"ಅವ್ರು ಹೂಂ ಅಂದ್ರೆ ಅರಮನೆ ಉಳೀತು. ಉಹೂಂ ಅಂದ್ರೆ ಅವತ್ತೇ ಸೈನ್ ಹಾಕ್‌ಬುಡ್ತೀನಿ. ಆಮೇಲ್ ಅಳ್ಬಾರ್ದು ನೀನು."

"ಅಳೋದ್ ಯಾರು ಅಂತ ನೋಡಣ ಬುಡಿ," ಅಂದರು ದೊಡ್ಡಮ್ಮ. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು.

ಇಡೀ ವಂಶ ಕೆಲಸಕ್ಕೆ ನಿಂತಿತು. ತುಮಕೂರಿನಿಂದ ನಾವು, ಗುಬ್ಬಿಯಿಂದ ಅತ್ತೆ. ಗುಬ್ಬಿ ಅತ್ತೆ ಕತ್ತಿ, ಗುರಾಣಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ನಾನು ಕಂಪ್ಯೂಟರ್ ಸೆಂಟರಿಗೆ ಹೋಗಿ ಒಂದು ಬ್ರೋಶರ್ ಮಾಡಿಸಿ ಮೇಡಂಗೆ ಅಂಚೆಯಲ್ಲಿ ಕಳಿಸಿದೆ. ಅದರಲ್ಲಿ 'ಶೌರ್ಯ' ಎಂಬ ಪದ ಹನ್ನೊಂದು ಸಲ ಬರುತ್ತಿತ್ತು. ದೊಣೆ ಕೆಲಸದ ಸುದ್ದಿಯನ್ನು ಮಾತ್ರ ಯಾರೂ ಎತ್ತಕೂಡದು ಎಂದು ಠರಾವಾಯಿತು. ಅರಮನೆ ಅಂತ ಬಂದವರಿಗೆ ನಾವು ಕೆಸರಲ್ಲಿ ಬೈಸಿಕೊಳ್ಳುವ ಜನ ಅಂತ ಗೊತ್ತಾದರೆ ಮರ್ಯಾದೆ ಏನು? ದೊಡ್ಡಪ್ಪ ಹಟ್ಟಿಗೆ ಹೋಗಿ, ಈ ವರ್ಷ ದೊಣೆ ಕೆಲಸ ಹತ್ತು ದಿನ ತಡವಾಗಿ ಇಟ್ಟುಕೊಳ್ಳೋಣ ಎಂದು ಕೆಂಪಜ್ಜಿಯನ್ನು ಕೇಳಿಕೊಂಡು ಬಂದರು. ಕೆಂಪಜ್ಜಿ, ಆ ಬಿಂದಿಗೆ ಹೆಂಗಸಿನ ಮನೆತನದ ಹಿರಿಯಳು. ವಯಸ್ಸು ಕೇಳಿದರೆ, "ನಾನ್ ಹುಟ್ದಾಗ ನಿಮ್ಮಜ್ಜ ತೊಟ್ಲಲ್ಲಿದ್ದ" ಅನ್ನುತ್ತಿದ್ದಳು.

"ಆಯ್ತು ಬುಡಿ ಬುದ್ಧಿ," ಅಂದಳಂತೆ. "ನೀರ್ ಬಂದ್ ದಿನ ಬತ್ತೀವಿ. ಬರ್ದಿದ್ರೆ ಬರಾಕಿಲ್ಲ."

ನನಗೆ ವಹಿಸಿದ್ದು ನೀರಿನ ಖಾತೆ. ಡಿಪ್ಲೊಮಾ ಇತ್ತಲ್ಲ. ದೊಣೆಯಿಂದ ಒಂದು ಪೈಪ್ ಎಳೆದು, ಮೇಡಂ ಇಳಿಯುವ ರೂಮಿನ ಹೊಸ ಬಾತ್‌ರೂಮಿಗೆ ನಲ್ಲಿ ಹಾಕಿಸಿದೆ. ಶನಿವಾರ ಸಾಯಂಕಾಲ ನಲ್ಲಿ ತಿರುಗಿಸಿದರೆ ನೀರು! ಅರಮನೆಯ ಇತಿಹಾಸದಲ್ಲಿ ಮೊದಲ ನಲ್ಲಿ ನೀರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ದೃಷ್ಟಿ ತೆಗೆದರು, ನಲ್ಲಿಗೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಎದ್ದು ನಲ್ಲಿ ತಿರುಗಿಸಿದೆ. ಕೊರ್ ಎಂದಿತು. ಒಂದು ಹನಿಯಿಲ್ಲ.

ಇಲ್ಲಿ ನನ್ನ ತಾಂತ್ರಿಕ ವಿಚಾರಧಾರೆಯನ್ನು ದಯವಿಟ್ಟು ಗಮನಿಸಿ. ದೊಣೆಯಲ್ಲಿ ಸೊಂಟದವರೆಗೆ ನೀರಿದೆ. ನಲ್ಲಿಯಲ್ಲಿ ಇಲ್ಲ. ಆದ್ದರಿಂದ ಪೈಪಿನ ಬಾಯಿಗೆ ಹೂಳು ಕಟ್ಟಿದೆ. ಬಿರಡೆಯನ್ನು ಒಂದೇ ಒಂದು ಗಳಿಗೆ ಸಡಿಲ ಮಾಡಿದರೆ ನೀರಿನ ಸೆಳೆತಕ್ಕೆ ಹೂಳು ಕೊಚ್ಚಿಕೊಂಡು ಹೋಗಿ ಪೈಪು ಬಿಟ್ಟುಕೊಳ್ಳುತ್ತದೆ. ಎಂಥಾ ಚಂದದ ತರ್ಕ! ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಮೂರೇ ವರ್ಷಕ್ಕೆ ಪಾಸಾಗುತ್ತಿದ್ದೆ.

ಹಾರೆ ತೆಗೆದುಕೊಂಡು ಹೋಗಿ ಬಿರಡೆಗೆ ಮೆತ್ತಗೆ ಒಂದು ಕೊಟ್ಟೆ. ಅಲ್ಲಾಡಲಿಲ್ಲ. ಇನ್ನೊಂದು ಕೊಟ್ಟೆ. ಮೂರನೆಯದನ್ನು ನಾನು ಕೊಟ್ಟೆನೋ ಅದೇ ನನಗೆ ಕೊಟ್ಟಿತೋ ಗೊತ್ತಿಲ್ಲ. ಬಿರಡೆ ಹಾರಿ, ನೀರು ನನ್ನ ಎದೆಗೆ ಗುದ್ದಿ, ನಾನು ಕಾಲುವೆಯಲ್ಲಿ ಕೂತ ಭಂಗಿಯಲ್ಲೇ ಹೊರಟೆ. ಮುಂದೆ ಬಿರಡೆ, ಅದರ ಹಿಂದೆ ನಾನು, ನನ್ನ ಹಿಂದೆ ಇಡೀ ದೊಣೆ. ಒಂದು ಸೀತಾಫಲದ ಗಿಡ ಅಡ್ಡ ಸಿಗದಿದ್ದರೆ ನಾನೂ ಸೀದಾ ಹಟ್ಟಿಯ ಕಲ್ಲುತೊಟ್ಟಿಯಲ್ಲಿ ಇರುತ್ತಿದ್ದೆ.

ಒದ್ದೆ ಬೆಕ್ಕಿನ ಹಾಗೆ ವಾಪಸ್ ಹತ್ತಿ ಬಂದೆ. ಬಾತ್‌ರೂಮಿನ ಹೊರಗೆ ಅಪ್ಪ ಬಗ್ಗಿ ಏನನ್ನೋ ನೋಡುತ್ತಿದ್ದರು.

"ಲೋ ಚಂದ್ರು, ಈ ಕೆಂಪು ಚಕ್ರ ಯಾರ್ಲಾ ಬಂದ್ ಮಾಡಿದ್ದು?"

ಗೇಟ್ ವಾಲ್ವ್. ಚಪ್ಪಾಳೆ ಎಲ್ಲ ಮುಗಿದ ಮೇಲೆ, ನೀರು ಪೋಲಾಗಬಾರದು ಎಂಬ ಜವಾಬ್ದಾರಿಯಿಂದ ಅದನ್ನು ಬಂದ್ ಮಾಡಿ ಮಲಗಿದವನು ನಾನೇ. ಅಪ್ಪ ಚಕ್ರ ತಿರುಗಿಸಿದರು. ಪೈಪಿನಿಂದ ಒಂದು ನಿಟ್ಟುಸಿರು ಬಂತು, ಅಷ್ಟೇ.

ಅಷ್ಟರಲ್ಲಿ ಕೆಳಗಿನಿಂದ ಕೇಳಿಸಿತು. ತಮಟೆ.

ದೊಡ್ಡಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು. ದೊಡ್ಡಪ್ಪ ಅರ್ಧ ಶೇವಿಂಗ್ ಆದ ಮುಖದಲ್ಲಿ ಬಂದರು. ಮೈಸೂರು ರೇಷ್ಮೆ ಸೀರೆ ಉಟ್ಟು ರೆಡಿಯಾಗಿದ್ದ ಗುಬ್ಬಿ ಅತ್ತೆ ನನ್ನನ್ನು ನೋಡಿ, ದೊಣೆ ನೋಡಿ, ಮತ್ತೆ ನನ್ನನ್ನು ನೋಡಿದರು.

"ಏನ್ಲಾ ಮಾಡ್ದೆ?"

"ಒಂಚೂರ್ ಸಡ್ಲ ಮಾಡ್ದೆ ಅತ್ತೆ."

"ಮನೆ ಮುರ್ದೆ ಕಣೋ," ಅಂದರು ದೊಡ್ಡಮ್ಮ. ಕೂಗಲಿಲ್ಲ. ಮೆತ್ತಗೆ ಅಂದರು. ಕೂಗಿದ್ದರೆ ಚೆನ್ನಾಗಿತ್ತು.

"ಕೆಳಗ್ ಓಡಿ ಹೋಗಿ ತಪ್ಪಾಯ್ತು, ಇವತ್ತಲ್ಲ ಅಂತ ಹೇಳ್ಬಿಟ್ ಬರ್ಲಾ?" ಅಂದೆ.

ದೊಡ್ಡಪ್ಪ ತಲೆಯಾಡಿಸಿದರು. "ನೀರು ಇಳ್ದೈತೆ. ಇಳ್ದ್ ಮೇಲೆ ಇವತ್ತಲ್ಲ ಅನ್ನೋ ಮಾತು ನಮ್ ವಂಶದಲ್ಲಿ ಒಬ್ನೂ ಅಂದಿಲ್ಲ. ನಾನು ಅನ್ನಲ್ಲ. ಒಲೆ ಆರ್ಸೇ."

ಪಲಾವು, ಹೋಳಿಗೆ, ಮೇಡಂಗೆಂದು ಶುರುವಾಗಿದ್ದ ಎಲ್ಲವೂ ಅರ್ಧಕ್ಕೇ ನಿಂತಿತು. ಒಂಬತ್ತಕ್ಕೆಲ್ಲ ಹಟ್ಟಿಯ ಜನ ಮೇಲೆ ಬಂದಿದ್ದರು. ಕೆಂಪಜ್ಜಿಯನ್ನು ಮೊಮ್ಮಕ್ಕಳು ಕುರ್ಚಿ ಸಮೇತ ಹೊತ್ತು ತಂದು ಬಂಡೆ ಮೇಲೆ ಇಳಿಸಿದರು. ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ರೇಷ್ಮೆ ಸೀರೆ ಬಿಚ್ಚಲೂ ಹೊತ್ತು ಸಿಗದ ಗುಬ್ಬಿ ಅತ್ತೆ, ನಾನು. ಒಬ್ಬೊಬ್ಬರಾಗಿ ಇಳಿದೆವು. ಹೂಳು ಮೊಣಕಾಲು ದಾಟಿ ಹೂತುಕೊಳ್ಳುತ್ತಿತ್ತು.

"ಏನ್ಲಾ ದೊರೆ," ಕೆಂಪಜ್ಜಿ ಶುರು ಮಾಡಿದಳು, ದೊಡ್ಡಪ್ಪನಿಗೆ. "ಅರ್ಧ ಗಡ್ಡ ಬೋಳ್ಸ್ಕೊಂಡ್ ಬಂದಿದೀಯಲ್ಲ, ಇನ್ನರ್ಧ ಯಾರ್ ಬೋಳುಸ್ತಾರೆ, ನಾನಾ? ಬಗ್ಗುಲಾ ಒಸಿ! ಪಿಂಚಣಿ ಬಂದ್ ಮೇಲೆ ಸೊಂಟ ಬಗ್ಗಾಕಿಲ್ವಾ?"

"ಬಗ್ಗಿದೀನಿ ಅಜ್ಜಿ."

"ಇದು ಬಗ್ಗೋದಾ? ಮದ್ವೇಲಿ ಹಾರ ಹಾಕುಸ್ಕೊಳೋ ಹಂಗ್ ನಿಂತವ್ನೆ ನೋಡ್ರೋ! ಏ ಗುಬ್ಬಿ ರಾಣಿ, ಸೀರೆ ತೋರ್ಸಾಕ್ ಬಂದ್ಯಾ, ಕೆಸರ್ ಎತ್ತಾಕ್ ಬಂದ್ಯಾ? ಇನ್ನು ಆ ಕೊನೇಲಿರೋನು ಯಾರ್ಲಾ, ಮಣ್ಣಾಗ್ ಬಿದ್ದ ಬದ್ನೇಕಾಯ್ ಹಂಗವ್ನೆ?"

"ನಾನ್ ಅಜ್ಜಿ, ಚಂದ್ರು."

"ನೀನೇನ್ಲಾ ಬಿರಡೆ ಕಿತ್ತೋನು? ಬೇಷ್! ಈ ವಂಸ್ದಾಗೆ ಹೇಳಿಸ್ಕೊಳ್ದೆ ಕಿತ್ತೋನು ಇವ್ನೊಬ್ನೇ ಕಣ್ರೋ. ಎತ್ತುಲಾ ಮಂಕರಿ!"

ದಡವೆಲ್ಲ ನಕ್ಕಿತು. ಆ ನಗುವಿನ ಮಧ್ಯೆಯೇ ಅರಮನೆಯ ಮೂಲೆ ತಿರುಗಿ ಮೂವರು ಬಂದು ನಿಂತರು. ಕೂಲಿಂಗ್ ಗ್ಲಾಸು ತಲೆ ಮೇಲೇರಿಸಿದ ಶೈಲಜಾ ಮೇಡಂ. ಊರುಗೋಲು ಹಿಡಿದ ಅವರ ಅತ್ತೆ. ಹತ್ತು ಹನ್ನೊಂದರ ಮಗಳು. ಮೇಡಂ ಕೈಯಲ್ಲಿ ನನ್ನ ಬ್ರೋಶರ್ ಇತ್ತು.

"ಎಕ್ಸ್‌ಕ್ಯೂಸ್ ಮಿ," ಅಂದರು ಮೇಡಂ ದಡದಲ್ಲಿದ್ದವರಿಗೆ. "ಇಲ್ಲಿ ರಾಯಲ್ ಫ್ಯಾಮಿಲಿಯವರು ಯಾರು?"

ಹಟ್ಟಿಯ ಇಡೀ ಜನ ಒಟ್ಟಿಗೆ ಕೈ ಚಾಚಿ ಕೆಳಗೆ ತೋರಿಸಿದರು.

ಕೆಸರಿನಿಂದ ಆರು ಮುಖ ಮೇಲೆ ನೋಡಿದವು. ದೊಡ್ಡಮ್ಮ ಕೈ ಮುಗಿದರು. ಮುಗಿದ ಕೈಯಿಂದ ಹೂಳು ಮೊಣಕೈವರೆಗೆ ಇಳಿಯಿತು. "ಬನ್ನಿ ಮೇಡಂ, ಬನ್ನಿ. ಪ್ರಯಾಣ ಹೆಂಗಾಯ್ತು?" ಅಂದರು. ನಾನು ಜೀವಮಾನದಲ್ಲಿ ನೋಡಿದ ಅತ್ಯಂತ ಧೈರ್ಯದ ಸ್ವಾಗತ ಅದು. ನನ್ನ ಬ್ರೋಶರಿನ ಹನ್ನೊಂದೂ ಶೌರ್ಯವನ್ನು ಸೇರಿಸಿದರೂ ಅದಕ್ಕೆ ಸಮ ಬರುವುದಿಲ್ಲ.

"ಮೇಲ್ ಬಂದು ಮಾತಾಡ್ಸೋ ಹಂಗಿಲ್ಲ," ಅಂದರು ದೊಡ್ಡಪ್ಪ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಕೆಸರಿನಲ್ಲಿ ನಿಂತೇ, ನೀರು ತಡೆದ ದೊರೆಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟರು. ಹೇಳಿ ಮುಗಿಸಿ, "ಇವತ್ತು ಅರಮನೇಲಿ ನಿಮಗೆ ಕಾಫೀನೂ ಇಲ್ಲ. ದಯಮಾಡಿ ಕ್ಷಮಿಸ್ಬೇಕು" ಅಂದರು.

ಮೇಡಂ ಬ್ರೋಶರನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಹೋಯಿತು ಅರಮನೆ ಅಂದುಕೊಂಡೆ.

ಆದರೆ ಅವರ ಅತ್ತೆ ಹೋಗಿ ಕೆಂಪಜ್ಜಿ ಪಕ್ಕದ ಬಂಡೆ ಮೇಲೆ ಕೂತುಬಿಟ್ಟರು. ದೊಣೆಯನ್ನು ಮೂಲೆ ಮೂಲೆ ನೋಡಿದರು. ಆಮೇಲೆ ಊರುಗೋಲು ಚಾಚಿ, "ಆ ಮೂಲೇಲಿ ಇನ್ನೂ ಇದೆ ನೋಡಿ" ಅಂದರು ಅಪ್ಪನಿಗೆ.

ಕೆಂಪಜ್ಜಿ ಅವರ ಕಡೆ ತಿರುಗಿದಳು. "ನೋಡಿ ಗೀಡಿ ಅಂತೆಲ್ಲ ಇಲ್ಲಿಲ್ಲ ಕಣವ್ವ. ನೋಡ್ಲಾ ಅನ್ನು."

ಆಕೆ ಗಂಟಲು ಸರಿ ಮಾಡಿಕೊಂಡರು. "ನೋಡ್ಲಾ!"

"ಇನ್ನೊಸಿ ಜೋರು."

"ನೋಡ್ಲಾ ಮೂಲೇಲಿ! ಕಣ್ ಕಾಣ್ಸಲ್ವಾ!" ದೊಣೆಯೊಳಗೆ ಅದು ಎರಡು ಸಲ ಮೊಳಗಿತು. ಆಕೆಯ ಮುಖ ಎಷ್ಟು ಅರಳಿತೆಂದರೆ, ನಲವತ್ತು ವರ್ಷದಿಂದ ಯಾರನ್ನೋ ಹೀಗೆ ಬೈಯಬೇಕೆಂದು ಕಾದಿದ್ದ ಹಾಗಿತ್ತು. ಮೇಡಂ ಮಗಳು ಶೂ ಬಿಚ್ಚಿ ದೊಣೆಗೆ ಇಳಿಯಲು ಬಂದಳು. ಕೆಂಪಜ್ಜಿ ಲಂಗ ಹಿಡಿದು ಎಳೆದು ಕೂರಿಸಿಕೊಂಡಳು.

"ನೀನ್ ಇಳ್ಯಂಗಿಲ್ಲ ಮಗಾ. ನಿಂಗ್ ಹಕ್ಕಿಲ್ಲ. ಇಲ್ಲೇ ಕೂತ್ಕೊಂಡು ಆ ಬದ್ನೇಕಾಯ್ನ ಬಯ್ಯಿ."

ಹುಡುಗಿ ನನ್ನನ್ನು ಇಂಗ್ಲಿಷಿನಲ್ಲಿ ಬೈದಳು. ನನಗೆ ಅರ್ಥವಾಗದ್ದರಿಂದ ನೋವಾಗಲಿಲ್ಲ.

ಮಧ್ಯಾಹ್ನ ಹಟ್ಟಿಯಿಂದ ಮುದ್ದೆ, ಬಸ್ಸಾರು ಬಂತು. ದಡದಲ್ಲಿ ಮೇಡಂ ಮನೆಯವರು ಊರಿನವರ ಪಂಕ್ತಿಯಲ್ಲಿ ಕೂತು ಉಂಡರು. ನಮಗೆ ದೊಣೆಯ ಒಳಗೇ ಎಲೆ. ಮೇಡಂ ಮುದ್ದೆಯನ್ನು ಮುರಿದು ಅಗಿಯಲು ಹೋದಾಗ ನಾಲ್ಕು ಜನ ಒಟ್ಟಿಗೆ "ನುಂಗಿ, ನುಂಗಿ" ಎಂದು ಕೂಗಿದರು. ನುಂಗಿದರು. ಕಣ್ಣಲ್ಲಿ ನೀರು ಬಂತು. ಇನ್ನೊಂದು ಮುದ್ದೆ ಕೇಳಿದರು. ಆದರೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೆಂಪಜ್ಜಿಯನ್ನು ಏನೇನೋ ಕೇಳುತ್ತಾ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ದೊಡ್ಡಮ್ಮ ಹೂಳು ಎತ್ತುವಾಗಲೂ ಕಣ್ಣು ಆ ಪುಸ್ತಕದ ಮೇಲೇ ಇಟ್ಟಿದ್ದರು.

ನಾಲ್ಕಕ್ಕೆ ಸರಿಯಾಗಿ ಜೀಪಿನ ಸದ್ದು. ಕ್ರಷರ್ ಸಾಹುಕಾರರು ಬಿಳಿ ಪ್ಯಾಂಟು, ಬಿಳಿ ಶೂ ಹಾಕಿಕೊಂಡು ಬಂದರು. ಕಂಕುಳಲ್ಲಿ ಫೈಲು. ದೊಣೆಯ ಅಂಚಿನಿಂದ ಎರಡು ಮಾರು ಹಿಂದೆಯೇ ನಿಂತರು.

"ಏನ್ ಸಾರ್ ಇದು ಅವತಾರ! ಬನ್ನಿ ಮೇಲೆ, ಒಂದ್ ಸೈನ್ ಹಾಕ್ಬುಡಿ, ಮುಗೀತು."

ದೊಡ್ಡಪ್ಪ ಮೇಡಂ ಕಡೆ ನೋಡಿದರು. ಮೇಡಂ ಬರೆಯುತ್ತಲೇ ಇದ್ದರು.

"ಇವ್ರ್ ಯಾರ್ಲಾ?" ಅಂದಳು ಕೆಂಪಜ್ಜಿ.

"ಗುಡ್ಡ ತಗೋಳೋರು ಅಜ್ಜಿ," ಅಂದರು ದೊಡ್ಡಪ್ಪ.

"ಅಂದ್ರೆ ಅರಮನೆ ಇವುನ್ದಾಯ್ತದಾ?"

"ಹೂಂ. ಸೈನ್ ಆದ್ರೆ."

ಕೆಂಪಜ್ಜಿ ಸಾಹುಕಾರರನ್ನು ಶೂನಿಂದ ನೆತ್ತಿಯವರೆಗೆ ನಿಧಾನವಾಗಿ ನೋಡಿದಳು. "ಹಂಗಾರೆ ನಿಂತವ್ನಲ್ಲ ಯಾಕೆ? ಇಳೀಲಾ. ಅರಮನೇಲಿ ಹಕ್ಕಿರೋರೆಲ್ಲ ಇಳೀಬೇಕು."

ಸಾಹುಕಾರರು ನಕ್ಕರು. ದಡದಲ್ಲಿ ಬೇರೆ ಯಾರೂ ನಗಲಿಲ್ಲ. "ಅಜ್ಜಿ, ನಮ್ದು ಮೆಷಿನ್ ಕೆಲ್ಸ. ಈ ಗುಂಡಿ ಗಿಂಡಿ ಎಲ್ಲಾ ಒಂದ್ ವಾರಕ್ಕೆ ಪುಡಿ ಮಾಡಾಕ್ತೀವಿ. ತೊಳ್ಯೋ ಮಾತೇ ಇಲ್ಲ."

ದೊಡ್ಡಪ್ಪನ ಕೈಯಲ್ಲಿ ಹೂಳಿನ ಮಂಕರಿ ಇತ್ತು. ಅದು ಹಾಗೇ ನಿಂತಿತು. ಅವರು ದೊಣೆಯ ಗೋಡೆಯನ್ನು, ನಾವು ಉಜ್ಜಿ ಉಜ್ಜಿ ಬೆಳಿಗ್ಗೆಯಿಂದ ಬೆಳ್ಳಗೆ ಮಾಡಿದ್ದ ಬಂಡೆಯನ್ನು ಒಂದು ಸುತ್ತು ನೋಡಿದರು.

"ಬನ್ನಿ ಸಾರ್, ಲೇಟಾಗುತ್ತೆ," ಅಂದರು ಸಾಹುಕಾರರು.

ದೊಡ್ಡಪ್ಪ ಕೆಂಪಜ್ಜಿ ಕಡೆ ತಿರುಗಿದರು. "ಅಜ್ಜಿ, ಮೇಲ್ ಬರ್ಲಾ?"

"ಕೆಲ್ಸ ಮುಗ್ದಿಲ್ಲ."

ದೊಡ್ಡಪ್ಪನ ಅರ್ಧ ಬೋಳಿಸಿದ ಮುಖದಲ್ಲಿ ಒಂದು ನಗೆ ಹುಟ್ಟಿ ಗಡ್ಡ ಇದ್ದ ಅರ್ಧಕ್ಕೂ ಹರಡಿತು. "ಅಪ್ಪಣೆ ಸಿಗ್ಲಿಲ್ಲ ಸ್ವಾಮಿ," ಅಂದರು.

"ಯಾವಾಗ್ ಮುಗಿಯುತ್ತಜ್ಜಿ ಇವ್ರ ಕೆಲ್ಸ?" ಸಾಹುಕಾರರಿಗೆ ರೇಗಿತ್ತು.

"ಇವ್ರ ತಾತ, ಮುತ್ತಾತ, ಅವ್ರಪ್ಪನ್ ಕಾಲ್ದಿಂದ ಮಾಡ್ತವ್ರೆ," ಅಂದಳು ಕೆಂಪಜ್ಜಿ. "ಇನ್ನೂ ಮುಗ್ದಿಲ್ಲ."

ಆಗ ನಕ್ಕಿತು ದಡ! ತಮಟೆಯವನು ತಡೆಯಲಾರದೆ ಒಂದು ಏಟು ಬಾರಿಸಿಯೇಬಿಟ್ಟ. ಬಿಳಿ ಶೂ ಹಿಂದಕ್ಕೆ ತಿರುಗಿತು. ಜೀಪು ಗುಡ್ಡ ಇಳಿಯುವುದು ಕೊನೆಯ ತಿರುವಿನವರೆಗೂ ನಮಗೆ ಕೇಳಿಸುತ್ತಿತ್ತು. ಮೇಡಂ ಇನ್ನೂ ಏನೂ ಹೇಳಿರಲಿಲ್ಲ, ಆದರೆ ದೊಡ್ಡಪ್ಪ ಅವರ ಉತ್ತರಕ್ಕೆ ಕಾಯುವುದನ್ನೇ ಬಿಟ್ಟು ಮಂಕರಿ ತುಂಬಲು ಬಗ್ಗಿದ್ದರು. ಈ ಸಲ ಸೊಂಟ ಪೂರ್ತಿ ಬಗ್ಗಿತ್ತು.

ಹೊತ್ತು ಇಳಿಯುವ ಮುಂಚೆ ಹೂಳು ಮುಗಿಯಿತು. ಅಪ್ಪ ಬಿರಡೆ ಹುಡುಕಿ ತಂದು ಬಡಿದರು. ಹೆಂಗಸರು ಸಾಲಾಗಿ ಬಂದು ಬಿಂದಿಗೆ ಸುರಿದರು. ನೀರು ನಮ್ಮ ಪಾದ ಮುಚ್ಚಿ, ಮೀನಖಂಡಕ್ಕೆ ಬಂತು. ಆಗ ಶೈಲಜಾ ಮೇಡಂ ಅಂಚಿಗೆ ಬಂದು ಕುಕ್ಕರುಗಾಲಲ್ಲಿ ಕೂತರು.

"ಅಮ್ಮಾ, ನಿಮ್ಮಲ್ಲಿ ರೂಮ್ ಎಷ್ಟಿದೆ?"

"ನಾಲ್ಕು," ಅಂದರು ದೊಡ್ಡಮ್ಮ. ಕೆಸರು ಬೆರಳಲ್ಲಿ ಎಣಿಸಿ ನೋಡಿ ಇನ್ನೊಮ್ಮೆ ಅಂದರು, "ನಾಲ್ಕು."

"ನಾಲ್ಕೂ ನನ್ನ ಲಿಸ್ಟಿಗೆ. ಕತ್ತಿ ಗುರಾಣಿ ಎಲ್ಲಾ ಕಡೆ ಇದೆ, ನೋಡಿ ನೋಡಿ ನಂಗೆ ಸಾಕಾಗಿದೆ. ಮುಂದಿನ ವರ್ಷ ಈ ದಿನಕ್ಕೆ ಹತ್ತು ಜನ ಕರ್ಕೊಂಡ್ ಬರ್ತೀನಿ. ಅವ್ರೂ ಇಳಿದು ಕೆಲಸ ಮಾಡ್ತಾರೆ."

"ಅದೆಲ್ಲ ಆಗಾಕಿಲ್ಲ," ಕೆಂಪಜ್ಜಿ ಕುರ್ಚಿಯಿಂದಲೇ ಅಂದಳು. "ಇಳಿಯಾಕೆ ಹಕ್ಕಿರ್ಬೇಕು. ಬಯ್ಯಾಕಾದ್ರೆ ಎಷ್ಟ್ ಜನ ಬೇಕಾರೂ ಕರ್ಕಂಬಾ."

ಈಗ ಪ್ರತಿ ಬೇಸಿಗೆಯಲ್ಲಿ ದೊಡ್ಡ ದೊಡ್ಡ ಕೆಲಸದಲ್ಲಿರುವವರು, ರಿಟೈರ್ ಆದವರು, ಹೊಸದಾಗಿ ಮದುವೆಯಾದವರು, ಎಲ್ಲೆಲ್ಲಿಂದಲೋ ಬಂದು ನಮ್ಮ ನಾಲ್ಕು ರೂಮಿನಲ್ಲಿ ಇಳಿದುಕೊಂಡು, ಮುದ್ದೆ ನುಂಗಲು ಕಲಿತು, ದಡದಲ್ಲಿ ಕೂತು ನಮ್ಮನ್ನು ಮನಸಾರೆ ಬೈದು ಹೋಗುತ್ತಾರೆ. ಬೈದು ಹೋದವರು ಮತ್ತೆ ಬರುತ್ತಾರೆ. ಹಳೆಯ ಹೆಂಚೆಲ್ಲ ಹೊಸದಾಗಿದೆ. ದೊಡ್ಡಪ್ಪನ ಸೊಂಟವೂ ಸುಮಾರಾಗಿದೆ.

ಅವತ್ತು ಕೆಂಪಜ್ಜಿ 'ಸಾಕು' ಅಂದಾಗ ಎಲ್ಲರೂ ಒಬ್ಬರ ಕೈ ಒಬ್ಬರು ಹಿಡಿದು ಮೇಲೆ ಹತ್ತಿದರು. ನಾನು ಕೊನೆಯವನು. ಬೆಳಿಗ್ಗೆ 'ಮನೆ ಮುರ್ದೆ' ಅಂದ ಮೇಲೆ ನನ್ನ ಜೊತೆ ಒಂದು ಮಾತೂ ಆಡದಿದ್ದ ದೊಡ್ಡಮ್ಮ ಅಂಚಿನಲ್ಲಿ ನಿಂತು ಕೈ ಚಾಚಿದರು. ಹಿಡಿದುಕೊಂಡೆ. ಎಳೆದು ಮೇಲೆ ನಿಲ್ಲಿಸಿದವರೇ ಕೆಸರು ಕೈಯಲ್ಲಿ ಬೆನ್ನಿಗೆ ಫಟಾರನೆ ಒಂದು ಕೊಟ್ಟರು. ನಾನು ಕಣ್ಣು ಮುಚ್ಚಿ ಎರಡನೆಯದಕ್ಕೆ ಕಾದೆ.

"ಮುಂದಿನ್ ವರ್ಷಾನೂ ಬಿರಡೆ ನೀನೇ ಕೀಳ್ಬೇಕು ಕಣ್ಲಾ," ಅಂದರು ದೊಡ್ಡಮ್ಮ.